ಮದ್ದುಪಾಯಸದ ಮರುದಿನ

ಆಗಸ್ಟ್ 4, 2025, ಸೋಮವಾರ

ಅತ್ತೆ ಊಟ ಮಾಡದೆ ಮಲಗಿದ್ದಾರೆ. ಹೊಟ್ಟೆ ಸರಿಯಿಲ್ಲವಂತೆ. ಹೊಟ್ಟೆಗೆ ಏನೂ ಆಗಿಲ್ಲ, ನನಗೆ ಗೊತ್ತು.

ನಿನ್ನೆ ಕಕ್ಕಡ ಹದಿನೆಂಟು, ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ. ಹದಿನೆಂಟು ಬಗೆಯ ಮದ್ದು ಸೊಪ್ಪಿಗಿಳಿಯುವ ದಿನವೆಂದು ತೋಟದಂಚಿನಿಂದ ಮದ್ದುಸೊಪ್ಪು ಕುಯ್ದು ತಂದವರೂ ಅವರೇ, ಕುದಿಸಿ ಸೋಸಿ ಪಾಯಸ ಮಾಡಿ ಎರಡು ಲೋಟ ಕುಡಿದವರೂ ಅವರೇ. ಮರುದಿನ ಮೂತ್ರ ಕೆಂಪಾಗುವುದು ಈ ಜಿಲ್ಲೆಯ ಮಕ್ಕಳಿಗೂ ಗೊತ್ತು. ಇವತ್ತೇ ಡಾಕ್ಟರು ಮೂತ್ರ ಪರೀಕ್ಷೆ ಬರೆಯುತ್ತಾರೆಂದು ಯಾರು ಎಣಿಸಿದ್ದರು?

ಮಡಿಕೇರಿಯಲ್ಲಿ ಬಿಡದ ಮಳೆ. ಕ್ಲಿನಿಕ್ಕಿನ ಬೆಂಚುಗಳೆಲ್ಲ ಭರ್ತಿ, ಒದ್ದೆ ಕೊಡೆಗಳ ನೀರು ಕಾಲಡಿಯಲ್ಲಿ. ಅತ್ತೆ ಡಬ್ಬಿಯನ್ನು ಸೆರಗಿನೊಳಗೆ ಮರೆಮಾಡಿಕೊಂಡು ಬಂದು ಕೌಂಟರಿನಲ್ಲಿಟ್ಟರು. ಅಲ್ಲಿದ್ದ ಹುಡುಗ ಅದನ್ನೆತ್ತಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿ ಒಳಕೋಣೆಗೆ ಕೂಗಿದ:

"ಈ ಅಜ್ಜಿಗೆ ರಕ್ತ ಹೋಗುತ್ತಿದೆ ನೋಡು!"

"ಯಾವ ಅಜ್ಜಿ?"

"ಮೂತ್ರ ನಿಲ್ಲುವುದಿಲ್ಲವೆಂದು ಬಂದಿದ್ದಾರಲ್ಲ, ಅವರು."

ಆ ಮಾತನ್ನು ನನಗೆ ಹೇಳಲು ಅತ್ತೆಗೆ ಒಂದು ಬೇಸಿಗೆಯಿಡೀ ಬೇಕಾಯಿತು. ಮಗನಿಗೆ ಹೇಳಕೂಡದೆಂದು ಆಣೆ ಬೇರೆ. ಎದುರಿನ ಬೆಂಚಿನಲ್ಲಿ ನಮ್ಮ ಸೊಸೈಟಿ ಕಾರ್ಯದರ್ಶಿಯ ಹೆಂಡತಿ ಕುಳಿತಿದ್ದರು.

"ರಕ್ತವೂ ಇಲ್ಲ, ಗಿಕ್ತವೂ ಇಲ್ಲ ಮಾರಾಯ, ಮದ್ದುಪಾಯಸ. ಇವತ್ತು ನನ್ನದೂ ಹಾಗೆಯೇ" ಎಂದರು ಮೂಲೆಯಲ್ಲಿದ್ದ ಹಿರಿಯರೊಬ್ಬರು. ಇಡೀ ಕೋಣೆ ನಕ್ಕಿತು. ಅತ್ತೆಯೂ ನಕ್ಕರು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ.

ನಾನು ಕೌಂಟರಿಗೆ ಹೋದೆ. "ಮೆಲ್ಲಗೆ ಹೇಳಬಹುದಿತ್ತಲ್ಲ ತಮ್ಮಾ?"

"ಎಷ್ಟು ಜನರಿದ್ದಾರೆ ನೋಡಿ ಅಕ್ಕ. ಒಬ್ಬೊಬ್ಬರ ಕಿವಿಯಲ್ಲಿ ಹೇಳುತ್ತಾ ಕೂರಬೇಕೇ?"

"ಕಿವಿಯಲ್ಲಿ ಬೇಡ. ಎದ್ದು ಒಳಗೆ ಹೋಗಿ ಹೇಳು."

"ಮುಂದಿನವರು ಬನ್ನಿ" ಎಂದ.

ಡಾಕ್ಟರು ಮಾತ್ರ ಅಪ್ಪಟ ಬಂಗಾರ. ಬಣ್ಣ ಹೋದ ಮೇಲೆ ಗುರುವಾರ ಮತ್ತೆ ಕೊಡಿ ಎಂದರು. ಹುಡುಗನ ವಿಷಯ ಎತ್ತಿದರೆ, "ಕೆಲಸಕ್ಕೆ ಜನ ಸಿಗುವುದಿಲ್ಲಮ್ಮ" ಎಂದರು. ತೋಟದವರ ಬಾಯಲ್ಲಿ ದಿನಾ ಕೇಳುವ ಮಾತು. ರೋಗಿಯ ಗುಟ್ಟನ್ನು ವೈದ್ಯರು ಹೊರಗೆಡವಬಾರದೆಂದು 2002ರ ವೈದ್ಯಕೀಯ ನೀತಿ ನಿಯಮಗಳಲ್ಲಿದೆ. ಪಾಪ, ಅವರೆಲ್ಲಿ ಹೊರಗೆಡವಿದರು? ಅವರ ಮೇಜಿಗೆ ಬರುವಷ್ಟರಲ್ಲಿ ಅದು ಗುಟ್ಟಾಗಿ ಉಳಿದಿದ್ದರೆ ತಾನೇ!

ನಾಳೆ ಸಂಘದ ಸಭೆ. ಲೆಕ್ಕದ ಪುಸ್ತಕ ಇನ್ನೂ ಬರೆದಿಲ್ಲ.

ಗುರುವಾರ ತಾನು ಬರುವುದಿಲ್ಲವೆಂದು ಅತ್ತೆ ಬಸ್ಸಿನಲ್ಲೇ ಹೇಳಿಬಿಟ್ಟರು. ಮೈಸೂರಿಗೆ ಹೋಗೋಣವೆಂದರೆ ಮಡಿಕೇರಿಯಿಂದಲೇ ಸುಮಾರು 120 ಕಿಲೋಮೀಟರ್. ನಡುವೆ ಎಷ್ಟು ಸಲ ಬಸ್ಸು ನಿಲ್ಲಿಸಲು ಹೇಳುವುದು, ಅದೂ ಅಷ್ಟು ಜನರ ಮುಂದೆ? ಪಕ್ಕದ ಮನೆಯವರ ಕಾರು ಕೇಳಬಹುದು. ಕೇಳಿದರೆ ಯಾಕೆಂದು ಹೇಳಬೇಕು. ಕಣ್ಣಿನ ಪರೀಕ್ಷೆ ಎಂದುಬಿಟ್ಟರೆ, ಆದರೆ ಅವರ ಹೆಂಡತಿ ಕಾರ್ಯದರ್ಶಿಯ ಮನೆಗೆ ದಿನಾ…