ಹೆಂಪ್ ಹಿಂಡಿಗೆ ಮೊದಲು ಜರಡಿ ಹಿಡಿಯಿರಿ

ಗಾಂಜಾ ಜಾತಿಯದೇ ಆದರೂ ಅಮಲಿನ ಅಂಶ ತೀರಾ ಕಡಿಮೆ ಇರುವ ಗಿಡ ಹೆಂಪ್. ಅದರ ಬೀಜದ ಎಣ್ಣೆ ಹಿಂಡಿದ ಮೇಲೆ ಉಳಿಯುವ ಹಿಂಡಿಯಲ್ಲಿ ಪ್ರೋಟೀನ್ ಶೇ 30ರಿಂದ 35ರಷ್ಟಿರುತ್ತದೆ. ಈ ಅಂಕಿ ನೋಡಿ ಸಾಕುಮೀನಿನ ಆಹಾರಕ್ಕೆ ಮೀನಿನ ಪುಡಿ, ಸೋಯಾ ಎಲ್ಲ ಬಿಟ್ಟು ಇದನ್ನೇ ತುಂಬಲು ಹೊರಡುವವರಿದ್ದಾರೆ. ಅಲ್ಲಿ ಕೈಕೊಡುವುದು ಸಿಪ್ಪೆ. ಸಿಪ್ಪೆ ಸಮೇತದ ಹಿಂಡಿಯ ಕಾಲು ಭಾಗಕ್ಕೂ ಹೆಚ್ಚು ನಾರು. ತಿಲಾಪಿಯಾ, ಗೆಂಡೆಗಳಿಗೆ ಹಾಕುವ ಆಹಾರದಲ್ಲಿ ನಾರು ಶೇ 8ರ ಆಚೆ ಹೋದರೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಹಿಂಡಿಯನ್ನು ನುಣ್ಣಗೆ ಬೀಸಿ ಅರ್ಧ ಮಿಲಿಮೀಟರ್ ಜರಡಿ ಹಿಡಿಯಿರಿ. ಮೇಲೆ ಉಳಿಯುವ ಕಂದು-ಹಸಿರು ತರಿಯೇ ಸಿಪ್ಪೆ. ಅದು ಗೊಬ್ಬರದ ಗುಂಡಿಗೆ. ಜರಡಿ ಹಿಡಿಯದಿದ್ದರೆ ಒಟ್ಟು ಆಹಾರದಲ್ಲಿ ಹೆಂಪ್ ಶೇ 15 ದಾಟಬಾರದು.

10 ಕೆ.ಜಿ. ಆಹಾರಕ್ಕೆ ಹೆಂಪ್ ಹಿಂಡಿ ಒಂದೂವರೆ ಕೆ.ಜಿ., ಹುರಿದ ಸೋಯಾ ಹಿಂಡಿ ಮೂರೂವರೆ, ಮೀನಿನ ಪುಡಿ 1, ಅಕ್ಕಿ ತೌಡು 1.8, ಮೈದಾ 2, ಖನಿಜ-ವಿಟಮಿನ್ ಮಿಶ್ರಣ 200 ಗ್ರಾಂ. ಪ್ರೋಟೀನ್ ಶೇ 31ರ ಆಸುಪಾಸು ನಿಲ್ಲುತ್ತದೆ. ಹೆಂಪ್‌ನಲ್ಲಿ ಪ್ರೋಟೀನಿನ ಮುಖ್ಯ ಘಟಕವಾದ ಲೈಸಿನ್ ಕಡಿಮೆ, ಆ ಕೊರತೆ ತುಂಬಲೆಂದೇ ಸೋಯಾ. ಮೈದಾವನ್ನು ಮೊದಲೇ ಗಂಜಿ ಕಾಯಿಸಿಕೊಳ್ಳಬೇಕು, ಹಸಿ ಮೈದಾಗೆ ಅಂಟು ಸಾಲದು. ನೀರು ಮೂರೂವರೆ ಲೀಟರ್ ಒಳಗೆ, ಗಂಜಿಯದ್ದೂ ಸೇರಿ. ಕೀಮಾ ಯಂತ್ರದಲ್ಲಿ 3 ಮಿಲಿಮೀಟರ್ ಅಚ್ಚಿನಿಂದ ಒತ್ತಿ ನೆರಳಲ್ಲಿ ಗಾಳಿಗೆ ಹರಡಿ. ಹಿಂಡಿಯಲ್ಲಿ ಉಳಿದ ಎಣ್ಣೆ ಬಿಸಿಲಿಗೆ ಬೇಗ ಕಮಟುತ್ತದೆ. ಮುರಿದಾಗ ಟಕ್ ಎನ್ನಬೇಕು. ಬಗ್ಗಿದರೆ ಇನ್ನೂ ತೇವವಿದೆ, ಮೂಟೆಯಲ್ಲಿ ಬೂಷ್ಟು ಬರುತ್ತದೆ. ಲೋಟ ನೀರಿಗೆ ಒಂದೆರಡು ಗುಳಿಗೆ ಹಾಕಿದರೆ ಕಾಲು ಗಂಟೆ ಕರಗದೆ ನಿಲ್ಲಬೇಕು. ಹಳೇ ಪೇಂಟಿನ ವಾಸನೆ ಹೊಡೆಯುವ ಹಿಂಡಿಯನ್ನು ಮೂಸಿದೊಡನೆ ಹಿಂದಿರುಗಿಸಿ, ಬೆರೆಸಿ ನೋಡೋಣ ಎನ್ನಬೇಡಿ.

ಇನ್ನೊಂದು ಕಾಣದ ತೊಡಕು ಫೈಟಿಕ್ ಆಮ್ಲ. ಹೆಂಪ್‌ನ ಬಹುಪಾಲು ರಂಜಕ ಅದರಲ್ಲಿ ಬಂಧಿಯಾಗಿರುತ್ತದೆ. ಮೀನಿಗೆ ಅದನ್ನು ಬಿಡಿಸಿಕೊಳ್ಳಲು ಬೇಕಾದ ಕಿಣ್ವವಿಲ್ಲ. ಮೀನಿನ ಮೂಳೆ ಸೊರಗುತ್ತದೆ, ಹಿಕ್ಕೆಯಲ್ಲಿ ಹೋದ ರಂಜಕ ಪಾಚಿ ಬೆಳೆಸುತ್ತದೆ, ಪಾಚಿ ಹೆಚ್ಚಾದರೆ ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಸಾಲದೆ ಮೀನು ಬಾಯಿ ಮೇಲೆತ್ತುತ್ತದೆ. ಫೈಟೇಸ್ ಕಿಣ್ವ ಬಳಸುವುದಾದರೆ ಆರಿದ ಗುಳಿಗೆಗೆ ನೀರಲ್ಲಿ ಕಲಸಿ ಸಿಂಪಡಿಸಿ, ಬಿಸಿ ಗಂಜಿಗೆ ಹಾಕಿದರೆ ಸತ್ತುಹೋಗುತ್ತದೆ.

ಬೀಜದ ಹೊರಮೈಗೆ ಗಿಡದ ಅಂಟು ಮೆತ್ತಿಕೊಂಡಿದ್ದರೆ ಅಮಲೇರಿಸುವ ಅಂಶವಾದ ಟಿಎಚ್‌ಸಿ ಹಿಂಡಿಗೂ ಇಳಿಯುತ್ತದೆ. ಶುಚಿ ಮಾಡಿದ ಬೀಜದ್ದು, ಪರೀಕ್ಷಾ ವರದಿ ಇರುವುದು ಮಾತ್ರ ಕೊಳ್ಳಿ. ಮೀನಿನ ಆಹಾರಕ್ಕೆ ಬಳಸಲು ನಿಮ್ಮಲ್ಲಿ ಅನುಮತಿ ಇದೆಯೇ ಎಂಬುದನ್ನು ಅದಕ್ಕೂ ಮೊದಲು ಕೇಳಿ.

ಹತ್ತಾರು ಮನೆಯವರು ಸೇರಿ ನಡೆಸುವ ಹೊಂಡದಲ್ಲಿ ಆಹಾರದ ಗುಣಕ್ಕಿಂತ ಅಳತೆಯೇ ಹೆಚ್ಚು ಕೆಡುವುದು. ತಲಾ 100 ಗ್ರಾಂನ 500 ಮೀನು ಅಂದರೆ 50 ಕೆ.ಜಿ.; ಮೈತೂಕದ ಶೇ 3ರ ಲೆಕ್ಕದಲ್ಲಿ ದಿನಕ್ಕೆ ಒಂದೂವರೆ ಕೆ.ಜಿ., ಎರಡು ಹೊತ್ತು. ಗುಳಿಗೆ ಮುಳುಗುವುದರಿಂದ ತಟ್ಟೆಯಲ್ಲಿಟ್ಟು ಇಳಿಸಿ. ಅರ್ಧ ಗಂಟೆ ಕಳೆದು ಎತ್ತಿದಾಗ ಉಳಿದಿದ್ದರೆ ಮುಂದಿನ ಹೊತ್ತಿಗೆ ಅಷ್ಟು ಕಡಿಮೆ. ಎರಡು ವಾರಕ್ಕೊಮ್ಮೆ ಮೂವತ್ತು ಮೀನು ತೂಗಿ ಲೆಕ್ಕ ಸರಿಪಡಿಸಬೇಕು. ಯಾರೋ ಹಾಕಿಲ್ಲವೆಂದು ಇನ್ನೊಬ್ಬರು ಹಾಕುವುದೇ ದೊಡ್ಡ ತಲೆನೋವು. ಪುಸ್ತಕದಲ್ಲಿ ಬರೆಯಲು ಮರೆಯುವವರೂ ಆಹಾರ ಹಾಕಿದ ಬಕೆಟ್ ಮಗುಚಿಡಲು ಮರೆಯುವುದಿಲ್ಲ: ಮಗುಚಿದ್ದರೆ ಆ ಹೊತ್ತಿನ ಊಟ ಆಗಿದೆ.