ಕಣ್ಣಿನ ಹಿಂದಿನ ನೋವಿಗೆ ಹೆಡಕಿನಲ್ಲಿ ಚುಚ್ಚುಮದ್ದು

ದಾವಣಗೆರೆಯ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ, ಹೋದ ವರ್ಷ ಆವಕ ಹೆಚ್ಚಿದ್ದ ದಿನಗಳಲ್ಲಿ, ಬಲಗಡೆಯ ಹೆಡಕಿನಿಂದ ಚಳುಕೊಂದು ಎದ್ದು ನೆತ್ತಿಯವರೆಗೆ ಹರಿದು ಕೆಲವೇ ಸೆಕೆಂಡುಗಳಲ್ಲಿ ನಿಲ್ಲತೊಡಗಿತು. ನಿಂತ ಮೇಲೂ ಬಾಚಣಿಗೆ ತಾಗಿದರೆ ಆ ಭಾಗದ ಚರ್ಮ ಉರಿಯುತ್ತಿತ್ತು. ಕಣ್ಣಿನ ಹಿಂದೆಯೂ ಒತ್ತಿದಂತಾಗುತ್ತಿದ್ದುದರಿಂದ ಮೊದಲು ಕನ್ನಡಕ ಬದಲಾಯಿಸಿದೆ. ಆಮೇಲೆ ಅರೆತಲೆನೋವೆಂದು ನಾನೇ ತೀರ್ಮಾನಿಸಿ ಮೂರು ತಿಂಗಳು ಔಷಧದಂಗಡಿಯ ಮಾತ್ರೆ ನುಂಗಿದೆ. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ನೋವಿನ ಮಾತ್ರೆ ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಲ್ಲದೆಂಬುದು ಆಗ ನನಗೆ ತಿಳಿದಿರಲಿಲ್ಲ.

ನರರೋಗ ತಜ್ಞರು ನನ್ನ ಹಿಂದೆ ನಿಂತು, ತಲೆಯ ಹಿಂಭಾಗದ ನಡುವಿನ ಎಲುಬಿನ ಉಬ್ಬಿನಿಂದ ಸ್ವಲ್ಪ ಪಕ್ಕಕ್ಕೆ ಹೆಬ್ಬೆರಳಿನಿಂದ ಒತ್ತಿದರು. ‘ಇಲ್ಲೇನ್ರೀ?’ ಎಂದು ಅವರು ಕೇಳುವಷ್ಟರಲ್ಲಿ ಅದೇ ಚಳುಕು ನೆತ್ತಿಗೆ ಹತ್ತಿ, ನಾನು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಈ ತೊಂದರೆಗೆ ಆಕ್ಸಿಪಿಟಲ್ ನ್ಯೂರಾಲ್ಜಿಯಾ ಎನ್ನುತ್ತಾರೆ. ಕತ್ತಿನ ಎರಡನೆಯ ನರದ ಕವಲೊಂದು ಹೆಡಕಿನ ಸ್ನಾಯುಗಳನ್ನು ತೂರಿಕೊಂಡು ಹೊರಬಂದು ನೆತ್ತಿಯವರೆಗಿನ ಚರ್ಮಕ್ಕೆ ಹರಡಿಕೊಳ್ಳುತ್ತದೆ. ದಾರಿಯಲ್ಲಿ ಎಲ್ಲಾದರೂ ಅದು ಅದುಮಿಕೊಂಡರೆ ಅಥವಾ ಕೆರಳಿದರೆ ಇಂಥ ನೋವು ಹುಟ್ಟಬಹುದು, ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ. ಕತ್ತಿನ ಮೇಲ್ಭಾಗದ ನರಗಳು ಮತ್ತು ಮುಖದ ಸ್ಪರ್ಶ ಒಯ್ಯುವ ಟ್ರೈಜೆಮಿನಲ್ ನರ ಒಳಗೆ ಒಂದೇ ಕಡೆ ಸುದ್ದಿ ಮುಟ್ಟಿಸುವುದರಿಂದ, ಹೆಡಕಿನ ನೋವು ಕಣ್ಣಿನದೆಂದು ಮಿದುಳಿಗೆ ತೋರುತ್ತದೆ. ನನ್ನ ಕನ್ನಡಕದ ದುಡ್ಡು ಹೋದದ್ದು ಈ ಗೊಂದಲಕ್ಕೆ.

ಅದೇ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಹಾಕಿದರು. ಕಾಲುಗಂಟೆಯ ನಂತರ ಆಸ್ಪತ್ರೆಯ ಕೈತೊಳೆಯುವ ಕನ್ನಡಿಯ ಮುಂದೆ ಜೇಬಿನ ಬಾಚಣಿಗೆ ತೆಗೆದು, ಹೆದರುತ್ತಲೇ ಬಲಗಡೆ ಬಾಚಿಕೊಂಡೆ, ಉರಿಯಲಿಲ್ಲ. ಇದು ಚಿಕಿತ್ಸೆಯೂ ಹೌದು, ರೋಗ ಗುರುತಿಸುವ ಪರೀಕ್ಷೆಯೂ ಹೌದು. ಆದರೆ ಇದೇ ಚುಚ್ಚುಮದ್ದಿಗೆ ಅರೆತಲೆನೋವೂ ತಗ್ಗಬಹುದಾದ್ದರಿಂದ, ಇದೊಂದನ್ನೇ ನೆಚ್ಚಿ ತೀರ್ಮಾನಕ್ಕೆ ಬರಬಾರದೆಂದು ಅವರೇ ಎಚ್ಚರಿಸಿದರು. ಜೊತೆಗೆ ರಾತ್ರಿಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಕೊಟ್ಟರು. ಅದು ಮೂಲತಃ ಖಿನ್ನತೆಯ ಮದ್ದು, ಕಡಿಮೆ ಪ್ರಮಾಣದಲ್ಲಿ ನರದ ನೋವಿಗೆ ಒದಗುತ್ತದೆ. ಬಾಯಿ ಒಣಗಿಸುತ್ತದೆ, ಬೆಳಗಿನ ತೂಕಡಿಕೆಯಂತೂ ಮೊದಲ ವಾರ ನನ್ನ ಜಮಾಖರ್ಚನ್ನೇ ತಪ್ಪಿಸಿತು.

ಚಿತ್ರದುರ್ಗದ ನಮ್ಮ ಚಿಕ್ಕಮ್ಮನ ಕಥೆ ಇದಕ್ಕಿಂತ ಕಷ್ಟದ್ದು. ಹಲ್ಲುಜ್ಜಿದರೆ ಕೆನ್ನೆಗೆ ಹೊಡೆಯುತ್ತಿದ್ದ ನೋವಿಗೆ ಎರಡು ದವಡೆಹಲ್ಲು ಕೀಳಿಸಿಕೊಂಡರೂ ನೋವು ಅಲ್ಲೇ ಉಳಿಯಿತು, ಏಕೆಂದರೆ ಕೆರಳಿದ್ದು ಟ್ರೈಜೆಮಿನಲ್ ನರ. ಕಾರ್ಬಮಜೆಪಿನ್ ಶುರುವಾದ ಮೇಲೆ ಅವರು ಸಮಾಧಾನದಿಂದ ಉಣ್ಣುತ್ತಿದ್ದಾರೆ. ಆ ಮದ್ದಿಗೆ ಮೈಮೇಲೆ ಗುಳ್ಳೆ ಎದ್ದರೆ ತಕ್ಷಣ ವೈದ್ಯರಿಗೆ ತೋರಿಸಬೇಕು.

ಒಮ್ಮೆಲೇ ಸಿಡಿದ ತಲೆನೋವು, ಜ್ವರದೊಂದಿಗೆ ಕತ್ತು ಬಿಗಿಯುವುದು, ಕೈಕಾಲಿನ ಬಲ ಕುಂದುವುದು, 50 ದಾಟಿದವರಿಗೆ ಹೊಸದಾಗಿ ತಲೆನೋವು ಬಂದು ದೃಷ್ಟಿ ಮಂಜಾಗುವುದು, ಇವು ನರನೋವಿನ ಲೆಕ್ಕಕ್ಕೆ ಸೇರುವುದಿಲ್ಲ. ಅಂಥವರು ಅಂದೇ ಆಸ್ಪತ್ರೆಗೆ ಹೋಗಬೇಕು.

ಈಗ ಅಂಗಡಿಯ ಕಂಪ್ಯೂಟರಿನ ಅಡಿಗೆ ಎರಡು ಹಳೆಯ ಖಾತೆ ಪುಸ್ತಕಗಳನ್ನಿಟ್ಟು ಎತ್ತರಿಸಿಕೊಂಡಿದ್ದೇನೆ. ಚಳುಕು ತಿಂಗಳಿಗೊಮ್ಮೆ ಬಂದರೆ ಹೆಚ್ಚು.