ಮಿನಿಟ್ಸ್ ಬುಕ್ಕಲ್ಲಿ ಒಂದು ಸಾಲು

ಭಾನುವಾರ ಬೆಳಿಗ್ಗೆ ಕೇಳಿದ ಮಾತು, ಇವತ್ತು ಬುಧವಾರ, ಇನ್ನೂ ಕಿವಿಯಿಂದ ಇಳಿದಿಲ್ಲ.

"ನಾನು ರಂಜಿಸಲಿಲ್ಲಪ್ಪ. ಉತ್ತರ ಕೊಟ್ಟೆ."

ಹೇಳಿದ್ದು ಟೀಚರ್, ವಯಸ್ಸಾದ ಹೆಂಗಸು. ನನಗೇನೂ ಪಾಠ ಹೇಳಿದೋರಲ್ಲ, ನಮ್ಮ ಕೂಟದಲ್ಲಿ ಎಲ್ಲರೂ ಅವರನ್ನ ಹಾಗೇ ಕರೆಯೋದು. ಐವತ್ತು ವರ್ಷದಿಂದ ಮನೇಲೇ ಸಂಗೀತ ಪಾಠ ಮಾಡ್ತಾ ಬಂದಿದ್ದಾರೆ. ಬೆಂಗಳೂರಲ್ಲಿ ಒಂದು ಹಳೇ ಹಾಲಿನ ಮಹಡಿ ಮೇಲೆ ತಿಂಗಳಿಗೊಂದು ಭಾನುವಾರ ನಾವೊಂದಿಷ್ಟು ಜನ ಸೇರ್ತೀವಿ. ಕಚೇರಿ ಗಿಚೇರಿ ಏನಿಲ್ಲ, ಬರೀ ಲಕ್ಷಣದ ಮಾತು, ಅಂದ್ರೆ ಸಂಗೀತದ ಶಾಸ್ತ್ರ. ರಾಗ, ಮೇಳ, ಶ್ರುತಿ, ಹಳೇ ಗ್ರಂಥದಲ್ಲಿ ಏನಿದೆ, ಇವತ್ತು ನಾವು ಹಾಡ್ತಿರೋದು ಏನು, ಇಂಥದ್ದು. ಬರೋರು ಇಪ್ಪತ್ತು ಜನ ದಾಟಲ್ಲ, ಅದರಲ್ಲಿ ಅರ್ಧ ರಿಟೈರ್ಡ್ ಇಂಜಿನಿಯರ್‌ಗಳು. ಇವರನ್ನ ಕಂಡ್ರೆ ನನಗೆ ಗೌರವನೂ ಇದೆ ಭಯನೂ ಇದೆ, ಯಾಕಂದ್ರೆ ಒಂದ್ಸಲ ಅಂತರ ಗಾಂಧಾರ ಅನ್ನೋ ಸ್ವರ 386 ಸೆಂಟಾ 408 ಸೆಂಟಾ (ಸೆಂಟ್ ಅಂದ್ರೆ ಸ್ವರಗಳ ಅಂತರ ಅಳೆಯೋ ಮಾನ) ಅಂತ ಶುರುವಾದ ವಾದ ಎರಡು ತಿಂಗಳು ನಡೀತು. ಅಂದ್ರೆ 22 ಸೆಂಟ್‌ಗೆ ಎರಡು ತಿಂಗಳು, ಸ ಇಂದ ಮೇಲಿನ ಸ ವರೆಗಿನ ಒಂದು ಸ್ಥಾಯಿಗೆ 1200 ಸೆಂಟ್ ಇದೆ, ಉಳಿದಿದ್ದು ನೀವೇ ಲೆಕ್ಕ ಹಾಕ್ಕೊಳ್ಳಿ.

ನನ್ನ ಕೆಲಸ ಮಿನಿಟ್ಸ್ ಬರೆಯೋದು. ವಿದ್ವತ್ತಿಗೆ ಕೊಟ್ಟಿದ್ದಲ್ಲ ಅದು, ಅಕ್ಷರ ದುಂಡಗಿದೆ ಅಂತ ಕೊಟ್ಟಿದ್ದು.

ಹೋದ ತಿಂಗಳ ವಿಷಯ ಆರಭಿ ಮತ್ತೆ ದೇವಗಾಂಧಾರಿ ಅನ್ನೋ ಎರಡು ರಾಗ. ಪಾಠಕ್ಕೆ ಹೋದವರಿಗೆ ಗೊತ್ತಿರತ್ತೆ, ಎರಡೂ 29ನೇ ಮೇಳ ಶಂಕರಾಭರಣದ ಜನ್ಯ, ಅಂದ್ರೆ ಆ ಮೂಲ ರಾಗದಿಂದ ಹುಟ್ಟಿದ್ದು, ಎರಡಕ್ಕೂ ಆರೋಹಣ ಸ ರಿ ಮ ಪ ದ ಸ, ಅವರೋಹಣ ಸ ನಿ ದ ಪ ಮ ಗ ರಿ ಸ. ಪೇಪರ್ ಮೇಲೆ ಬರೆದ್ರೆ ಅವಳಿ ಜವಳಿ. ಹಾಡಿದ್ರೆ ಮಾತ್ರ ಒಂದಕ್ಕೊಂದು ಸಂಬಂಧನೇ ಇಲ್ಲದಂಗಿರತ್ತೆ. ಆರಭಿ ಘನರಾಗ, ತ್ಯಾಗರಾಜರ ಘನರಾಗ ಪಂಚರತ್ನದಲ್ಲಿ ಮೂರನೇದು, ಎದೆ ಸೆಟೆಸಿ ನಡೆಯೋ ರಾಗ. ದೇವಗಾಂಧಾರಿ ತಲೆ ಬಗ್ಗಿಸಿ ಬೇಡಿಕೊಳ್ಳೋ ರಾಗ.

ಅವತ್ತು ಮಂಡನೆ ಮಾಡಿದವರು ಚೆನ್ನಾಗಿ ತಯಾರಾಗೇ ಬಂದಿದ್ರು, ಸುಳ್ಳು ಹೇಳಬಾರದು. ಸ್ಲೈಡ್ ಮೇಲೆ ಸ್ಲೈಡು. ಕೊನೇ ಸ್ಲೈಡಲ್ಲಿ ದಪ್ಪ ಅಕ್ಷರದಲ್ಲಿ ಅವರ ತೀರ್ಮಾನ: ಸ್ವರ ಒಂದೇ ಆದ್ದರಿಂದ ವ್ಯತ್ಯಾಸ ಇರೋದು ಕಾಲಪ್ರಮಾಣದಲ್ಲಿ ಮಾತ್ರ. ಅಂದ್ರೆ ಹಾಡೋ ವೇಗದಲ್ಲಿ, ದೇವಗಾಂಧಾರಿನ ದ್ರುತದಲ್ಲಿ, ಜೋರು ವೇಗದಲ್ಲಿ ಹಾಡಿ, ಆರಭಿ ಆಗತ್ತೆ. ಎಲ್ಲರೂ ತಲೆ ಆಡಿಸಿದ್ರು. ನಾನೂ ಆಡಿಸಿದೆ, ಕೈಲಿ ಪೆನ್ನಿತ್ತು, ಬರ್ಕೊಂಡೆ.

ಆಗ ಮೂರನೇ ಸಾಲಿಂದ ಟೀಚರ್ ಹಾಡೋಕೆ ಶುರು ಮಾಡಿದ್ರು. ಶ್ರುತಿ ಪೆಟ್ಟಿಗೆ ಇಲ್ಲ, ಕೂತಲ್ಲಿಂದ ಏಳಲೂ ಇಲ್ಲ, ಮಡಿಲಲ್ಲಿದ್ದ ಬ್ಯಾಗನ್ನೂ ಕೆಳಗಿಡಲಿಲ್ಲ, ಬ್ಯಾಗಿನ ಮೇಲೇ ಬೆರಳು ತಟ್ಟಿಕೊಂಡು ಜೋರು ಓಟದಲ್ಲಿ ಒಂದಿಷ್ಟು ಸಂಚಾರ. ಹಾಲಲ್ಲಿ ಆಹಾ ಭೇಷ್ ಎಲ್ಲ ಆಯ್ತು. ಅಷ್ಟು ಹೊತ್ತಿಗೆ ಕಾಫಿನೂ ಬಂತು, ಎದ್ವಿ.

ಮನೆಗೆ ಹೋಗಿ ಮಿನಿಟ್ಸ್ ಫೇರ್ ಮಾಡಿದೆ. ಈಗ ಆ ಪುಟ ಮುಂದಿಟ್ಟುಕೊಂಡು ಓದ್ತಾ ಇದೀನಿ, ನನ್ನದೇ ದುಂಡು ಅಕ್ಷರ. ಭಾಷಣಕಾರರು "ಸವಿಸ್ತಾರವಾಗಿ ಪ್ರತಿಪಾದಿಸಿದರು". ಇಂಜಿನಿಯರ್ ಒಬ್ಬರು "ಅಭಿಪ್ರಾಯಪಟ್ಟರು". ಸಂಸ್ಕೃತ ಮೇಷ್ಟ್ರು "ಸಭೆಯ ಗಮನ ಸೆಳೆದರು". ಅರ್ಧ ಗಂಟೆ ನಿದ್ದೆ ಮಾಡಿ ಎದ್ದು, ಆಗಲೇ ಹೇಳಿ ಮುಗಿಸಿದ್ದನ್ನೇ ಮತ್ತೆ ಕೇಳಿದ ಒಬ್ಬರು ಮಹನೀಯರು "ಸೂಕ್ತ ಪ್ರಶ್ನೆಯನ್ನು ಎತ್ತಿದರು". ಆಮೇಲೆ ಟೀಚರ್ ಸಾಲು: "ದೇವಗಾಂಧಾರಿ ರಾಗವನ್ನು ಸುಶ್ರಾವ್ಯವಾಗಿ ಹಾಡಿ ಸಭಿಕರನ್ನು ರಂಜಿಸಿದರು."

ಈ ಭಾನುವಾರ ಸಭೆ ಶುರುವಾಗೋ ಮುಂಚೆ ವಾಡಿಕೆಯಂತೆ ಅದನ್ನ ಓದಿದೆ. ಹಿಂದಿನ ಮಿನಿಟ್ಸ್ ಓದುವಾಗ ಯಾರೂ ಕೇಳಲ್ಲ, ಎಲ್ಲರೂ ಕುರ್ಚಿ ಸರಿ ಮಾಡ್ಕೊಳ್ಳೋದು, ಕನ್ನಡಕ ಒರೆಸೋದು, ಕೊನೇಗೆ ಅಂಗೀಕಾರ ಅಂತ ಕೈ ಎತ್ತೋದು. ಟೀಚರ್ ಕೇಳಿದ್ದಾರೆ. ಕೈ ಎತ್ತಿದ್ರು, ನಾನು ಅಂಗೀಕಾರ ಅಂದ್ಕೊಂಡು ಮುಂದಕ್ಕೆ ಹೋಗ್ತಿದ್ದೆ.

"ಇರಪ್ಪ. ನಾನು ರಂಜಿಸಲಿಲ್ಲಪ್ಪ. ಉತ್ತರ ಕೊಟ್ಟೆ."

ನಕ್ಕರು ಎಲ್ಲರೂ. ನಮ್ಮ ಅಧ್ಯಕ್ಷರು ಒಳ್ಳೇ ಮನುಷ್ಯ, ಆದ್ರೆ ಸಭೆ ಅಂದ್ರೆ ಮನಸ್ತಾಪ ಇಲ್ಲದೆ ಮುಗೀಬೇಕು ಅನ್ನೋದೊಂದೇ ಅವರ ಶಾಸ್ತ್ರ, ಅವರು "ಟೀಚರ್, ಅದು ಹೊಗಳಿಕೆನೇ ಅಲ್ವಾ" ಅಂದ್ರು.

"ಗೊತ್ತು. ಅದಕ್ಕೇ ಹೇಳ್ತಿರೋದು."

ಅಷ್ಟೇ. ಸಿಟ್ಟಿರಲಿಲ್ಲ, ದನಿ ಏರಿಸಲಿಲ್ಲ, ಹೇಳಿ ಬ್ಯಾಗಿಂದ ಕನ್ನಡಕ ತೆಗೆದು ಅವತ್ತಿನ ಹ್ಯಾಂಡೌಟ್ ಓದೋಕೆ ಶುರು ಮಾಡಿದ್ರು. "ಕಾರ್ಯದರ್ಶಿಗಳು ಗಮನಿಸಲಿ" ಅಂತ ಅಧ್ಯಕ್ಷರು ಮುಂದಕ್ಕೆ ತಳ್ಳಿದ್ರು. ಕಾರ್ಯದರ್ಶಿ ಅಂದ್ರೆ ನಾನೇ. ಅವತ್ತು ಏನೋ ತಾಳದ ವಿಷಯ ಇತ್ತು, ಒಂದಕ್ಷರ ತಲೆಗೆ ಹೋಗಲಿಲ್ಲ.

ಮನೆಗೆ ಬಂದು ಮೊದಲು ಮಾಡಿದ ಕೆಲಸ ಫೋನಲ್ಲಿ ಹೋದ ತಿಂಗಳ ರೆಕಾರ್ಡಿಂಗ್ ಹುಡುಕಿದ್ದು. ಮಿನಿಟ್ಸ್‌ಗೆ ಅಂತ ಇಡೀ ಸಭೆ ರೆಕಾರ್ಡ್ ಮಾಡ್ತೀನಿ, ತಿರುಗಿ ಕೇಳೋದು ಮಾತ್ರ ಕಮ್ಮಿ. ಟೀಚರ್ ಹಾಡಿದ್ದು ಒಂದು ನಲವತ್ತು ಸೆಕೆಂಡ್ ಸ್ಪಷ್ಟವಾಗಿದೆ, ಆಮೇಲೆ ಕುರ್ಚಿ ಎಳೆಯೋ ಸದ್ದು, ಲೋಟದ ಸದ್ದು, ಯಾರೋ ಸಕ್ಕರೆ ಇಲ್ಲದ್ದು ಯಾವುದು ಅಂತ ಕೇಳೋದು. ಆ ನಲವತ್ತು ಸೆಕೆಂಡ್‌ನ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ, ಮನೇಲಿ ಹೆಡ್‌ಫೋನ್ ಹಾಕ್ಕೋ ಅಂತ ಬೈಸ್ಕೊಂಡೆ.

ಓಟ ನಿಜವಾಗ್ಲೂ ಓಟ. ಆ ಮನುಷ್ಯ ಹೇಳಿದ ಕಾಲಪ್ರಮಾಣಕ್ಕಿಂತ ಒಂದು ಕೈ ಜಾಸ್ತಿನೇ. ಆದ್ರೆ ಆರಭಿ ಆಗಿಲ್ಲ. ಆರಭಿಯಲ್ಲಿ ಗ, ಅಂದ್ರೆ ಗಾಂಧಾರ, ನಿಲ್ಲೋ ಸ್ವರ ಅಲ್ಲ, ಮಧ್ಯಮಕ್ಕೆ ಅಂಟಿಕೊಂಡು ಹಾಗೇ ರಿಷಭಕ್ಕೆ ಜಾರಿಬಿಡತ್ತೆ, ನಿಷಾದನೂ ಅಷ್ಟೇ, ಷಡ್ಜದ ಬೆನ್ನಿಗೆ ಕೂತು ದಾಟಿಹೋಗೋದು. ಟೀಚರ್ ಎಷ್ಟೇ ಓಡಿದ್ರೂ ಗಾಂಧಾರಕ್ಕೆ ಬಂದಾಗ ಒಂದು ತೂಗು ಇದೆ, ಚಿಟಿಕೆ ಹೊಡೆಯೋಷ್ಟು ಹೊತ್ತು ಕೂಡ ಇಲ್ಲ, ಆದ್ರೆ ಇದೆ. ರಿಷಭದ ಮೇಲೂ ಆ ಅಲುಗಾಟ, ಕಂಪಿತ ಅಂತೀವಲ್ಲ, ಅದು ಇದೆ. ಮೂರು ಸಲ ಬೇರೆ ಬೇರೆ ಕಡೆಯಿಂದ ಗಾಂಧಾರಕ್ಕೇ ವಾಪಸ್ ಬಂದಿದ್ದಾರೆ, ನೋಡ್ರಪ್ಪಾ ಇಲ್ಲಿ, ಇಲ್ಲಿ, ಇಲ್ಲಿ ಅಂತ. ಅದು ಆಲಾಪನೆ ಅಲ್ಲವೇ ಅಲ್ಲ. ಯಾರಾದ್ರೂ ಒಂದು ಸೂತ್ರ ಹೇಳಿದ್ರೆ ಅದು ಸುಳ್ಳಾಗೋ ಉದಾಹರಣೆ ಎತ್ತಿ ಮೇಜಿನ ಮೇಲೆ ಇಡ್ತೀವಲ್ಲ, ಅದು. ಕೊನೇ ಸ್ಲೈಡ್ ಅಲ್ಲಿಗೆ ಬಿದ್ದುಹೋಯ್ತು. ಬಿದ್ದಿದ್ದು ಹಾಲಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ, ಯಾಕಂದ್ರೆ ನಾವು ಭೇಷ್ ಅಂತ ಕೂಗ್ತಾ ಇದ್ವಿ.

ಇದೇ ನನಗೆ ಚುಚ್ತಾ ಇರೋದು. ಟೀಚರ್ ಇದೇ ವಿಷಯನ ಬಾಯಲ್ಲಿ, "ಸರ್, ಕಾಲಪ್ರಮಾಣ ಬದಲಾದ್ರೂ ಗಾಂಧಾರದ ಕಂಪಿತ ಉಳಿಯೋದ್ರಿಂದ ನಿಮ್ಮ ತೀರ್ಮಾನ ನಿಲ್ಲಲ್ಲ" ಅಂದಿದ್ರೆ ನಾನು ಏನು ಬರೀತಿದ್ದೆ? "ಆಕ್ಷೇಪಿಸಿದರು" ಅಂತ ಬರೀತಿದ್ದೆ. ಹಾಡಿ ಹೇಳಿದ್ರು, ರಂಜಿಸಿದರು ಆಯ್ತು. ಹೋಗಲಿ, ಅದನ್ನೇ ಆ ಸಂಸ್ಕೃತ ಮೇಷ್ಟ್ರು ಹಾಡಿದ್ರೆ? ಅವರು ಒಂದೆರಡು ಸಲ ಗೊಗ್ಗರು ಗಂಟಲಲ್ಲಿ ಹಾಡಿ ತೋರಿಸಿದ್ದುಂಟು. ಹಿಂದಿನ ಪುಟ ತಿರುವಿ ನೋಡಿದೆ, ನೋಡಬಾರದಿತ್ತು. "ಹಾಡಿ ನಿರೂಪಿಸಿದರು" ಅಂತ ಬರೆದಿದೀನಿ.

ಬೇಕಂತ ಮಾಡಿದ್ದಲ್ಲ, ನಿಜ. ಬೇಕಂತ ಮಾಡಿದ್ರೆ ಒಂದು ಕ್ಷಮೆ ಕೇಳಿ ಮುಗಿಸಬಹುದಿತ್ತು.

ಆಮೇಲೆ ಯೋಚನೆ ಎಲ್ಲೆಲ್ಲಿಗೋ ಹೋಯ್ತು. ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಶುರುವಾಗಿದ್ದು 1928ರಲ್ಲಿ, ಡಿಸೆಂಬರ್ ಸಮ್ಮೇಳನದ ಬೆಳಗಿನ ಹೊತ್ತು ವಿದ್ವಾಂಸರು ಕೂತು ಇಂಥ ರಾಗಕ್ಕೆ ಇಂಥ ಲಕ್ಷಣ ಅಂತ ಚರ್ಚೆ ಮಾಡಿದ್ದೆಲ್ಲ ಅವರ ಜರ್ನಲ್‌ನಲ್ಲಿ ಅಚ್ಚಾಗಿದೆ, ನಮ್ಮಂಥ ಸಣ್ಣ ಕೂಟಗಳೆಲ್ಲ ನಕಲು ಮಾಡೋದು ಆ ಮಾದರಿನೇ. ಆ ಸಮ್ಮೇಳನದ ಅಧ್ಯಕ್ಷ ಸ್ಥಾನದಲ್ಲಿ ಮೊದಲ ಸಲ ಒಬ್ಬ ಹೆಂಗಸು ಕೂತಿದ್ದು 1968ರಲ್ಲಿ, ಎಂ.ಎಸ್. ಸುಬ್ಬುಲಕ್ಷ್ಮಿ. ನಲವತ್ತು ವರ್ಷ. ಆ ನಲವತ್ತು ವರ್ಷ ಹೆಂಗಸರು ಹಾಡ್ತಾ ಇರಲಿಲ್ವಾ? ಹಾಡ್ತಾನೇ ಇದ್ರು, ಕೇಳೋಕೆ ಟಿಕೆಟ್ ತಗೊಂಡು ಹೋಗ್ತಿದ್ರು ಜನ.

ಇನ್ನೊಂದು ತಮಾಷೆ. ನಮ್ಮ ಕೂಟದಲ್ಲಿ ಮಾತೆತ್ತಿದ್ರೆ ಲಕ್ಷ್ಯ, ಲಕ್ಷಣ ಅಂತೀವಿ. ಹದಿಮೂರನೇ ಶತಮಾನದಲ್ಲಿ ದೇವಗಿರಿಯಲ್ಲಿ ಕೂತು, ಸಂಗೀತ ರತ್ನಾಕರ ಬರೆದ ಶಾರ್ಙ್ಗದೇವ ಹೇಳಿದ್ದಾನೆ, ಈ ಶಾಸ್ತ್ರಕ್ಕೆ ಲಕ್ಷ್ಯನೇ ಪ್ರಧಾನ, ಅಂದ್ರೆ ಹಾಡಿಕೆಯಲ್ಲಿ ಏನಿದೆಯೋ ಅದು ಮೊದಲು, ಅದಕ್ಕೆ ಶಾಸ್ತ್ರ ಅಡ್ಡ ಬಂದ್ರೆ ಶಾಸ್ತ್ರಕ್ಕೇ ಬೇರೆ ಅರ್ಥ ಹಚ್ಚಬೇಕು ಅಂತ. ಇದನ್ನ ವರ್ಷಕ್ಕೆ ನಾಲ್ಕು ಸಲವಾದ್ರೂ ಯಾರಾದ್ರೂ ಉದ್ಧರಿಸ್ತಾರೆ, ನಾನೂ ಅಷ್ಟೇ ಸಲ ಬರ್ಕೊಂಡಿದೀನಿ. ಲಕ್ಷ್ಯನೇ ಮೂರನೇ ಸಾಲಲ್ಲಿ ಬ್ಯಾಗ್ ಹಿಡ್ಕೊಂಡು ಕೂತು ಬಾಯಿ ಬಿಟ್ರೆ ನಮಗೆ ಕಾಫಿ ನೆನಪಾಗತ್ತೆ.

ಸರಿ, ತಿದ್ದೋಣ ಅಂತ ಕೂತೆ ನಿನ್ನೆ ರಾತ್ರಿ. ತಿದ್ದೋಕೂ ಬರಬೇಕಲ್ಲ. "ಉತ್ತರಿಸಿದರು" ಅಂತ ಬರೆದ್ರೆ ಏನು ಉತ್ತರ ಅಂತ ಬರೀಬೇಕು. ಸ್ವರ ಹಾಕಿ ಬರೆದೆ, ಮ ಗ ರಿ ಸ. ಓದಿದ್ರೆ ಆರಭಿನೂ ಅದೇ! ಎರಡು ರಾಗಕ್ಕೂ ಪೇಪರ್ ಮೇಲೆ ವ್ಯತ್ಯಾಸ ಇಲ್ಲ ಅಂತ ತಾನೇ ಜಗಳ ಶುರುವಾಗಿದ್ದು, ಈಗ ನಾನೂ ಅದೇ ಪೇಪರ್ ಮೇಲೆ ಕೂತಿದೀನಿ. ಸುಬ್ಬರಾಮ ದೀಕ್ಷಿತರು ನೆನಪಾದ್ರು. 1904ರಲ್ಲಿ ಎಟ್ಟಯಪುರದಲ್ಲಿ ಅಚ್ಚಾದ ಸಂಗೀತ ಸಂಪ್ರದಾಯ ಪ್ರದರ್ಶಿನಿಯಲ್ಲಿ ಅವರು ಒಂದೊಂದು ಗಮಕಕ್ಕೂ, ಅಂದ್ರೆ ಸ್ವರನ ಅಲುಗಿಸೋ ಜಾರಿಸೋ ಬಗೆಗೂ, ಒಂದೊಂದು ಗುರುತು ಮಾಡಿದ್ದಾರೆ, ಕಂಪಿತ, ಸ್ಫುರಿತ, ನೊಕ್ಕು, ರವೆ, ಹೀಗೆ. ಕಂಪಿತಕ್ಕೆ ಸ್ವರದ ತಲೆ ಮೇಲೆ ಒಂದು ಅಲೆ ಗೆರೆ. ನಾನೂ ಗ ಮೇಲೆ ಅಲೆ ಎಳೆದೆ. ಮಿನಿಟ್ಸ್ ಬುಕ್ಕಲ್ಲಿ, "ಧನ್ಯವಾದಗಳೊಂದಿಗೆ ಮುಕ್ತಾಯವಾಯಿತು" ಅನ್ನೋದರ ಎರಡು ಸಾಲು ಮೇಲೆ, ಒಂದು ಗ, ಅದರ ತಲೆ ಮೇಲೆ ಒಂದು ಹುಳು ಹರಿದಂಗೆ ಗೆರೆ.

ಇವತ್ತು ಸಂಜೆ ಧೈರ್ಯ ಮಾಡಿ ಟೀಚರ್‌ಗೆ ಫೋನ್ ಮಾಡಿದೆ. ಹಿಂದುಗಡೆ ಯಾವುದೋ ಮಗು ಜಂಟಿ ವರಸೆ ಹೇಳ್ತಾ ಇತ್ತು. "ಟೀಚರ್, ಆ ಸಾಲು ತಿದ್ದಿದೀನಿ, ಓದ್ಲಾ?" ಅಂದೆ. ಓದು ಅಂದ್ರು.

ಓದಿದೆ. "ಭಾಷಣಕಾರರ ತೀರ್ಮಾನಕ್ಕೆ ಉತ್ತರವಾಗಿ, ದೇವಗಾಂಧಾರಿಯನ್ನು ದ್ರುತಕಾಲದಲ್ಲಿ ಹಾಡಿ, ಗಾಂಧಾರದ ಕಂಪಿತದಿಂದಾಗಿ ರಾಗವು ಆರಭಿಯಾಗದೆ ದೇವಗಾಂಧಾರಿಯಾಗಿಯೇ ಉಳಿಯುವುದೆಂದು ನಿರೂಪಿಸಿದರು." ಕೊನೇ ಪದ ಸ್ವಲ್ಪ ಒತ್ತಿ ಓದಿದೆ.

ಸುಮ್ಮನಿದ್ರು. ಆ ಮಗು ಇನ್ನೂ ವರಸೆ ಹೇಳ್ತಾನೇ ಇತ್ತು, "ಸ್ಪೀಡ್ ಬೇಡ ಪುಟ್ಟ" ಅಂತ ಅದಕ್ಕೆ ಹೇಳಿ ಮತ್ತೆ ಫೋನಿಗೆ ಬಂದ್ರು.

"ಅರ್ಧ ಬರ್ದಿದ್ಯಲ್ಲೋ. ಆರಭಿನ ವಿಳಂಬದಲ್ಲಿ ಹಾಡಿದ್ನಲ್ಲ, ಅದೆಲ್ಲಿ? ನಿಧಾನ ಮಾಡಿದ್ರೂ ದೇವಗಾಂಧಾರಿ ಆಗಲ್ಲ ಅಂತ ತೋರಿಸಬೇಡ್ವಾ, ಇಲ್ದಿದ್ರೆ ಉತ್ತರ ಹೇಗೆ ಪೂರ್ತಿ ಆಗತ್ತೆ?"

ಕುರ್ಚಿ ಸದ್ದು, ಲೋಟದ ಸದ್ದು, ಸಕ್ಕರೆ ಇಲ್ಲದ್ದು ಯಾವುದು. ಅದರ ಅಡಿಯಲ್ಲಿ ಅವರು ಇನ್ನೂ ಹಾಡ್ತಾ ಇದ್ರು.

"ಅಷ್ಟು ಹೊತ್ತಿಗೆ ಕಾಫಿ ಬಂದುಬಿಡ್ತಲ್ಲ ಟೀಚರ್" ಅಂದೆ.

"ಹೂಂ. ಅದನ್ನ ಬರ್ದಿದ್ಯಾ?"

ಬುಕ್ ನೋಡಿದೆ. ಬರೆದಿದ್ದೆ. 11.10, ಕಾಫಿ ವಿರಾಮ.